ನೂರರಲ್ಲಿ ಅರ್ಧ

2008ರ ನವೆಂಬರ್. ಅಮೆರಿಕದಲ್ಲಿ ಜಿ1 ಎಂಬ ಹೊಸ ಫೋನ್ ಕೊಂಡಿದ್ದ ಒಬ್ಬಾತ ಆಪ್ತರೊಬ್ಬರಿಗೆ ಸಂದೇಶ ಬರೆಯುತ್ತಿದ್ದ. ಉತ್ತರ ತಡವಾಯಿತೇಕೆ ಎಂದು ಅವರು ಕೇಳಿದರು. ಫೋನನ್ನು ಆಗಷ್ಟೇ ಆರಿಸಿ ಹೊತ್ತಿಸಿದ್ದ ಆತ ಒಂದೇ ಪದದ ಉತ್ತರ ಒತ್ತಿದ: 'ರೀಬೂಟ್'. ಫೋನ್ ಮತ್ತೆ ಆರಿ ಹೊತ್ತಿಕೊಂಡಿತು!

ಕಾಕತಾಳೀಯವಲ್ಲ. ಫೋನಿನ ಪರದೆಯ ಹಿಂದೆ ಯಾರಿಗೂ ಕಾಣದಂತೆ ಒಂದು ಕಿಂಡಿ ತೆರೆದೇ ಉಳಿದುಬಿಟ್ಟಿತ್ತು. ಒತ್ತಿದ ಪ್ರತಿಯೊಂದು ಅಕ್ಷರವೂ ಸಂದೇಶಕ್ಕೆ ಹೋದಂತೆ ಯಂತ್ರದ ಹೃದಯಕ್ಕೂ ಆಜ್ಞೆಯಾಗಿ ಹೋಗುತ್ತಿತ್ತು. ಗೂಗಲ್ ಕೆಲವೇ ದಿನಗಳಲ್ಲಿ ಅದನ್ನು ಸರಿಪಡಿಸಿತು. ಆದರೆ ಇಂದು ಕೋಟಿ ಕೋಟಿ ಜೇಬುಗಳಲ್ಲಿರುವ ಆಂಡ್ರಾಯ್ಡ್ ಎಷ್ಟು ಹಸಿಯಾಗಿ ಮಾರುಕಟ್ಟೆಗೆ ಬಂದಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಮೊದಲಿಗೆ ಅದು ಫೋನಿಗೆಂದು ಹುಟ್ಟಿದ್ದೂ ಅಲ್ಲ. 2003ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಆಂಡಿ ರೂಬಿನ್, ರಿಚ್ ಮೈನರ್, ನಿಕ್ ಸಿಯರ್ಸ್, ಕ್ರಿಸ್ ವೈಟ್ ಸೇರಿ ಕಂಪನಿ ಕಟ್ಟಿದಾಗ ಅವರ ಕಣ್ಣು ಡಿಜಿಟಲ್ ಕ್ಯಾಮೆರಾಗಳ ಮೇಲಿತ್ತು. ಆ ಮಾರುಕಟ್ಟೆ ಸಣ್ಣದು ಎನಿಸಿದ್ದರಿಂದ ಫೋನಿನ ಕಡೆ ಹೊರಳಿದರು. 2005ರಲ್ಲಿ ಗೂಗಲ್ ಅವರನ್ನು ಕೊಂಡುಕೊಂಡಿತು. ಬ್ಲ್ಯಾಕ್‌ಬೆರಿಯಂತೆ ಕೆಳಗೆ ಗುಂಡಿಗಳಿದ್ದ, ಸ್ಪರ್ಶದ ಪರದೆಯಿಲ್ಲದ ಒಂದು ಮಾದರಿ ತಯಾರಾಗುತ್ತಿತ್ತು. 2007ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಐಫೋನ್ ತೋರಿಸಿದರು. ಗೂಗಲ್ ತಂಡ ತನ್ನ ಮಾದರಿಯನ್ನು ಪಕ್ಕಕ್ಕಿಟ್ಟು ಸ್ಪರ್ಶದ ಪರದೆಯ ಫೋನಿಗೆ ಕೈಹಾಕಿತು.

ಅದೇ ವರ್ಷದ ನವೆಂಬರ್‌ 5ರಂದು ಆಂಡ್ರಾಯ್ಡ್ ಬೆಳೆಸಲು 34 ಕಂಪನಿಗಳ ಒಕ್ಕೂಟ ಘೋಷಣೆಯಾಯಿತು. ಜನ ಗೂಗಲ್ ಫೋನನ್ನು ಎದುರು ನೋಡಿದ್ದರು, ಸಿಕ್ಕಿದ್ದು ಒಕ್ಕೂಟದ ಪ್ರಕಟಣೆ. ಕೈಗೆ ಫೋನ್ ಬರಲು ಇನ್ನೂ ಹೆಚ್ಚುಕಡಿಮೆ ಒಂದು ವರ್ಷ ಕಾಯಬೇಕಾಯಿತು.

2008ರ ಅಕ್ಟೋಬರ್ 22ರಂದು ಮಾರಾಟಕ್ಕೆ ಬಂದ ಆ ಜಿ1 ತೈವಾನಿನ ಎಚ್‌ಟಿಸಿ ತಯಾರಿಸಿದ್ದು. ಎರಡು ವರ್ಷದ ಕರಾರಿನೊಂದಿಗೆ 179 ಡಾಲರ್. 3.2 ಇಂಚಿನ ಪರದೆ, 192 ಎಂಬಿ ರ‍್ಯಾಮ್. ಒಂದು ಅಕ್ಷರ ಬರೆಯಬೇಕಾದರೂ ಫೋನನ್ನು ಅಡ್ಡ ಹಿಡಿದು, ಪರದೆಯನ್ನು ಸರಿಸಿ, ಅಡಿಯಿಂದ ಹೊರಬರುವ ಕೀಲಿಮಣೆಯನ್ನೇ ಒತ್ತಬೇಕು. ಪರದೆಯ ಮೇಲಿನ ಕೀಲಿಮಣೆ ಬಂದದ್ದು ಮರುವರ್ಷದ ಏಪ್ರಿಲ್‌ನಲ್ಲಿ. ಹಾಡು ಕೇಳಲು ಮಾಮೂಲಿ ಇಯರ್‌ಫೋನ್ ಚುಚ್ಚುವ ರಂಧ್ರವೇ ಇರಲಿಲ್ಲ. ಆ್ಯಪ್ ಅಂಗಡಿ ತೆರೆದಾಗ ಅಲ್ಲಿದ್ದುದೆಲ್ಲ ಪುಕ್ಕಟೆ. ಆ್ಯಪ್ ಬರೆದವರು ನಾಲ್ಕು ಕಾಸು ಸಂಪಾದಿಸುವ ದಾರಿ ತೆರೆದದ್ದು 2009ರ ಫೆಬ್ರವರಿಯಲ್ಲಿ.

ಗಾರ್ಟ್ನರ್ ಸಂಸ್ಥೆಯ ಲೆಕ್ಕದಂತೆ 2008ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಸ್ಮಾರ್ಟ್‌ಫೋನ್‌ಗಳಲ್ಲಿ ಆಂಡ್ರಾಯ್ಡ್‌ನ ಪಾಲು ಶೇ. 0.5. ನೂರು ಫೋನಿಗೆ ಅರ್ಧ ಫೋನ್. ನೋಕಿಯಾ ನೆಚ್ಚಿಕೊಂಡಿದ್ದ ಸಿಂಬಿಯನ್ ತಂತ್ರಾಂಶ ಅರ್ಧಕ್ಕಿಂತ ಹೆಚ್ಚು ಮಾರುಕಟ್ಟೆಯನ್ನು ಹಿಡಿದು ಕೂತಿತ್ತು. ಆಗ ಆಂಡ್ರಾಯ್ಡ್‌ನ ಭವಿಷ್ಯ ಹೇಳುವ ಧೈರ್ಯ ಯಾರಿಗೆ ಬರಬೇಕು?

ಬೆಳವಣಿಗೆ ನಿಧಾನವಾಗಲು ಫೋನಿನ ಕುಂದುಗಳಷ್ಟೇ ಕಾರಣವಲ್ಲ. ಐಫೋನಿನ ಒಳಗೂ ಹೊರಗೂ ಒಬ್ಬನೇ ಯಜಮಾನ. ಆಂಡ್ರಾಯ್ಡ್‌ನದು ಕೂಡುಕುಟುಂಬ: ತಂತ್ರಾಂಶ ಒಬ್ಬರದು, ಚಿಪ್ ಇನ್ನೊಬ್ಬರದು, ಫೋನ್ ಮತ್ತೊಬ್ಬರದು, ಸಿಮ್ ಮಗದೊಬ್ಬರದು. ಎಲ್ಲರೂ ಒಪ್ಪದೆ ಹೆಜ್ಜೆ ಮುಂದಕ್ಕಿಲ್ಲ. ಜಿ1 ಮಾರಿದ ಟಿ-ಮೊಬೈಲ್ ಅಮೆರಿಕದ ನಾಲ್ಕು ದೊಡ್ಡ ಕಂಪನಿಗಳಲ್ಲಿ ಚಿಕ್ಕದು. ಅದರ 3ಜಿ ಆಗಿನ್ನೂ ಕೆಲವೇ ನಗರಗಳನ್ನು ಮುಟ್ಟಿತ್ತು. ಆದರೆ ಆ ಕೂಡುಕುಟುಂಬದ ವ್ಯವಸ್ಥೆಯಲ್ಲೇ ಮುಂದಿನ ಬೆಳೆಯ ಬೀಜವೂ ಇತ್ತು. ತಂತ್ರಾಂಶದ ಮೂಲಸಂಕೇತವನ್ನು ಬಹಿರಂಗವಾಗಿ ಹಂಚಿದ್ದರಿಂದ ಫೋನ್ ತಯಾರಕರು ಪರವಾನಗಿಗೆ ದುಡ್ಡು ತೆರಬೇಕಿರಲಿಲ್ಲ.

ತಿರುವು ಬಂದದ್ದು 2009ರ ನವೆಂಬರ್‌ನಲ್ಲಿ. ಅಮೆರಿಕದ ವೆರೈಝನ್ ಕಂಪನಿಗೆ ಐಫೋನ್ ದಕ್ಕಿರಲಿಲ್ಲ, ಅದು ಎಟಿ&ಟಿಯ ಸೊತ್ತಾಗಿತ್ತು. ಇತ್ತ ಮೊಟೊರೊಲಾ ನಷ್ಟದಲ್ಲಿ ಮುಳುಗುತ್ತಿತ್ತು. ಅವಶ್ಯಕತೆಯಿದ್ದ ಇಬ್ಬರೂ ಕೈಜೋಡಿಸಿ 'ಡ್ರಾಯ್ಡ್' ಫೋನ್ ತಂದರು, ದೊಡ್ಡ ಮಟ್ಟದ ಜಾಹೀರಾತಿನೊಂದಿಗೆ. ಅದರಲ್ಲಿ ತಿರುವು ತಿರುವಿಗೂ ದಾರಿ ಹೇಳುವ ಗೂಗಲ್ ನಕ್ಷೆ ಉಚಿತ. ಆ ಸುದ್ದಿ ಹೊರಬಿದ್ದ ದಿನವೇ ದಾರಿ ತೋರುವ ಯಂತ್ರ ಮಾರುತ್ತಿದ್ದ ಗಾರ್ಮಿನ್, ಟಾಮ್‌ಟಾಮ್ ಕಂಪನಿಗಳ ಷೇರು ಕುಸಿದಿದ್ದವು. ಆದರೂ ಇಡೀ ವರ್ಷದ ಲೆಕ್ಕದಲ್ಲಿ ಆಂಡ್ರಾಯ್ಡ್‌ಗೆ ದಕ್ಕಿದ್ದು ಶೇ. 3.9. ಮರುವರ್ಷ, 2010ರಲ್ಲಿ, ಅದು ಶೇ. 22.7ಕ್ಕೆ ಜಿಗಿಯಿತು. ಆ ವರ್ಷದ ಮೇ ತಿಂಗಳಲ್ಲಿ ದಿನವೊಂದಕ್ಕೆ ಒಂದು ಲಕ್ಷ ಹೊಸ ಫೋನ್‌ಗಳು ಚಾಲೂ ಆಗುತ್ತಿವೆ ಎಂದು ಗೂಗಲ್ ಹೇಳಿತು.

ಭಾರತದ ಕಥೆ ಬೇರೆ. 2009ರಲ್ಲಿ ಎಚ್‌ಟಿಸಿ ಮ್ಯಾಜಿಕ್ ಬಂದಾಗ ಅದರ ಬೆಲೆ ಮೂವತ್ತು ಸಾವಿರದ ಹತ್ತಿರ. ಮಧ್ಯಮ ವರ್ಗದವರು ಬೆಲೆ ಕೇಳಿ ಸುಮ್ಮನಾಗುವಂಥ ವಸ್ತು. 2010ರಲ್ಲಿ ಮೈಕ್ರೋಮ್ಯಾಕ್ಸ್ ಏಳು ಸಾವಿರದ ಆಸುಪಾಸಿನ ಆಂಡ್ರಾಯ್ಡ್ ಫೋನ್ ತಂದಿತು. 2011ರ ಜನವರಿಯಲ್ಲಿ ಏರ್‌ಟೆಲ್ ತನ್ನ 3ಜಿ ಸೇವೆಯನ್ನು ಬೆಂಗಳೂರಿನಿಂದಲೇ ಶುರುಮಾಡಿತು.

ಇಷ್ಟಾದರೂ ಕನ್ನಡಿಗರ ಮಟ್ಟಿಗೆ ಆ ಫೋನ್ ಅರೆಬರೆಯೇ ಆಗಿತ್ತು. ಆಗಿನ ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಕನ್ನಡದ ಸುದ್ದಿತಾಣ ತೆರೆದರೆ ಸಾಲುಸಾಲು ಖಾಲಿ ಚೌಕಗಳು. ಫೋನಿಗೆ ಹೇಗೋ ಕನ್ನಡ ಫಾಂಟ್ ಸೇರಿಸಿಕೊಂಡ ಉತ್ಸಾಹಿಗಳಿಗೂ ನೆಮ್ಮದಿಯಿಲ್ಲ. ಅಕ್ಷರಗಳೇನೋ ಮೂಡಿದವು, ಒತ್ತಕ್ಷರಗಳು ಕೂಡಿಕೊಳ್ಳಲಿಲ್ಲ. 'ಅಕ್ಕ' ಎಂದು ಬರೆದರೆ ಒತ್ತು ಕೆಳಗಿಳಿಯದೆ 'ಅಕ್‌ಕ' ಎಂದು ಬಿಡಿಬಿಡಿಯಾಗಿ ನಿಲ್ಲುತ್ತಿತ್ತು. ಬಲ್ಲವರು ಆಪೆರಾ ಮಿನಿ ಬ್ರೌಸರಿನ ಒಳಹೊಕ್ಕು ಒಂದು ಸೆಟ್ಟಿಂಗ್ ಬದಲಿಸಿಕೊಳ್ಳುತ್ತಿದ್ದರು. ಆಗ ದೂರದ ಸರ್ವರ್ ಕನ್ನಡದ ಪಠ್ಯವನ್ನು ಚಿತ್ರವಾಗಿಸಿ ಕಳಿಸುತ್ತಿತ್ತು. ಮಸುಕು ಮಸುಕಾದರೂ ಅದು ಓದಲು ಬರುವ ಕನ್ನಡ. ಈ ಉಪಾಯವನ್ನು ಒಬ್ಬರಿಂದೊಬ್ಬರು ಕೇಳಿ ಕಲಿತ ಆ ದಿನಗಳ ಓದುಗರ ಹಟ ದೊಡ್ಡದು. ತಮ್ಮ ನುಡಿಗೆ ಜಾಗವಿಲ್ಲದ ಯಂತ್ರದಲ್ಲಿ ಅವರು ಅದಕ್ಕೊಂದು ಮೂಲೆ ಮಾಡಿಕೊಟ್ಟಿದ್ದರು.

2012ರ ಜುಲೈನಲ್ಲಿ ಬಂದ ಜೆಲ್ಲಿ ಬೀನ್, ಅಂದರೆ ಆಂಡ್ರಾಯ್ಡ್ 4.1, ಕನ್ನಡ, ತೆಲುಗು, ಮಲಯಾಳಂಗಳಿಗೆ ಬೆಂಬಲ ತಂದಿತು. ಒತ್ತಕ್ಷರ ತನ್ನ ಜಾಗದಲ್ಲಿ ಬಂದು ಕೂತಿತು. ಆದರೆ ಈ ಹೊಸ ಆವೃತ್ತಿ ಅಗ್ಗದ ಹಳೆಯ ಫೋನ್‌ಗಳನ್ನು ತಲುಪುವಂತಿರಲಿಲ್ಲ. ಅವನ್ನು ಹಿಡಿದವರು ಹೊಸ ಫೋನ್ ಕೊಳ್ಳುವ ತನಕ ಆಪೆರಾ ಮಿನಿಯ ಮಸುಕು ಅಕ್ಷರಗಳಲ್ಲೇ ಕನ್ನಡ ಓದಿಕೊಂಡಿದ್ದರು.