ಕಡಲಾಚೆಯ ಸಂಸಾರ ಮತ್ತು ಕಾಯಿದೆ
(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲೇಖರೂಪ)



ಈ ಸಭೆಯಲ್ಲಿರುವ ನಾವು ಬಹುಮಟ್ಟಿಗೆ ವಲಸೆ ಬಂದವರೇ. ಧಾರವಾಡದಿಂದಲೋ ಉಡುಪಿಯಿಂದಲೋ ಮುಂಬಯಿಗೆ ಬಂದು ನೆಲೆಸಲು ಯಾರ ಅಪ್ಪಣೆಯನ್ನೂ ಬೇಡಬೇಕಾಗಲಿಲ್ಲ. ಸಂವಿಧಾನದ 19ನೆಯ ವಿಧಿಯೇ ಆ ಹಕ್ಕನ್ನು ಕೊಟ್ಟಿದೆ. ಹೆಂಡತಿ ಮಕ್ಕಳನ್ನು ಕರೆತರಲು ನಮಗೆ ಬೇಕಾದದ್ದು ಬಾಡಿಗೆಯ ಒಂದು ಖೋಲಿ ಮಾತ್ರ. ಕಡಲು ದಾಟಿದ ನಮ್ಮ ಮಕ್ಕಳ ಸ್ಥಿತಿ ಹಾಗಲ್ಲ. ಅಮೆರಿಕದ ನಿದರ್ಶನವೊಂದನ್ನೇ ಇಂದು ತಮ್ಮ ಮುಂದಿಡುತ್ತೇನೆ.

1917ರ ಕಾಯಿದೆಯು ಭಾರತೀಯರೂ ಸೇರಿದಂತೆ ಏಷ್ಯಾದ ಬಹುಭಾಗದವರಿಗೆ ಆ ದೇಶದ ಬಾಗಿಲು ಮುಚ್ಚಿತು. ಮೊದಲ ಮಹಾಯುದ್ಧದಲ್ಲಿ ಅಲ್ಲಿಯ ಸೇನೆಯಲ್ಲಿ ದುಡಿದಿದ್ದ ಭಗತ್ ಸಿಂಗ್ ಥಿಂದ್ ಅವರನ್ನು ಸಹ 1923ರಲ್ಲಿ ಸುಪ್ರೀಂ ಕೋರ್ಟು, 'ಬಿಳಿಯ'ರಲ್ಲವೆಂಬ ಕಾರಣದಿಂದ, ಪೌರತ್ವಕ್ಕೆ ಅನರ್ಹರೆಂದಿತು. 1946ರಲ್ಲಿ ಬಾಗಿಲು ತುಸು ತೆರೆಯಿತು: ವರ್ಷಕ್ಕೆ 100 ಮಂದಿ ಭಾರತೀಯರು! ಜನಾಂಗಮೂಲದ ಕೋಟಾ ಅಳಿದು, ಕುಟುಂಬದ ಪುನರ್ಮಿಲನಕ್ಕೆ ಆದ್ಯತೆ ದೊರೆತದ್ದು 1965ರ ಕಾಯಿದೆಯಿಂದ.

ಇಂದಿನ ತೊಡಕಿನ ಬೇರು 1990ರ ಕಾಯಿದೆಯಲ್ಲಿದೆ. ಉದ್ಯೋಗದ ಆಧಾರದಲ್ಲಿ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್‌ಗಳು. ಪತಿ, ಪತ್ನಿ, ಮಕ್ಕಳ ಲೆಕ್ಕವೂ ಅದರೊಳಗೇ. ಅದರಲ್ಲಿ ಯಾವ ದೇಶಕ್ಕೂ ಸಾಮಾನ್ಯವಾಗಿ ಶೇಕಡಾ 7ಕ್ಕಿಂತ ಹೆಚ್ಚಿಲ್ಲ. 140 ಕೋಟಿ ಜನರ ಭಾರತಕ್ಕೂ ಪುಟ್ಟ ಐಸ್‌ಲ್ಯಾಂಡಿಗೂ ಒಂದೇ ಮಿತಿ. ಹೀಗಾಗಿ ನಮ್ಮವರ ಸರದಿ ದಶಕಗಳಷ್ಟು ಉದ್ದವಾಗಿದೆ.

ಈ ಸರದಿಯಲ್ಲಿ ನಿಂತಿರುವುದು ಕಡತವಲ್ಲ, ಸಂಸಾರ. ಎಚ್-1ಬಿ ನೌಕರರ ಪತ್ನಿಯರು ಎಷ್ಟೇ ಓದಿದ್ದರೂ ಎಚ್-4 ವೀಸಾದ ಮೇಲೆ ದುಡಿಯುವಂತಿರಲಿಲ್ಲ. 2015ರ ಮೇ ತಿಂಗಳಿಂದ ಅವರಲ್ಲಿ ಕೆಲವರಿಗೆ, ಅಂದರೆ ಗ್ರೀನ್ ಕಾರ್ಡಿನ ಹಾದಿಯಲ್ಲಿ ನಿಗದಿತ ಹಂತ ತಲುಪಿದವರ ಪತ್ನಿಯರಿಗೆ, ಅನುಮತಿ ದೊರೆಯಿತು. ಮಕ್ಕಳ ಗತಿ ಇನ್ನೂ ಕಠಿಣ. 21 ತುಂಬಿದೊಡನೆ ಅವರು ಕಾಯಿದೆಯ ದೃಷ್ಟಿಯಲ್ಲಿ 'ಮಕ್ಕಳು' ಅಲ್ಲ. 2002ರ ಕಾಯಿದೆಯು ಅರ್ಜಿಯ ಪರಿಶೀಲನೆಗೆ ಹಿಡಿದ ಕಾಲವನ್ನು ವಯಸ್ಸಿನಿಂದ ಕಳೆಯುತ್ತದೆ. ಸರದಿಗಾಗಿ ಕಾದ ವರ್ಷಗಳನ್ನು ಕಳೆಯುವುದಿಲ್ಲ. ನಮ್ಮ ಬಂಧುವೊಬ್ಬರ ಮಗಳು ಮೂರರ ವಯಸ್ಸಿನಲ್ಲಿ ಅಲ್ಲಿಗೆ ಹೋದವಳು, ಈಗ ಹತ್ತೊಂಬತ್ತು. ಕಳೆದ ಬೇಸಿಗೆಯಲ್ಲಿ ಬಂದಿದ್ದಾಗ ಕೇಳಿದಳು: "ದೊಡ್ಡಪ್ಪಾ, ನನ್ನ ಊರು ಯಾವುದು?" ಮೂವತ್ತು ವರ್ಷ ನಿಯಮಾವಳಿಗಳನ್ನು ಓದಿದ ನನಗೆ ಉತ್ತರ ಹೊಳೆಯಲಿಲ್ಲ.

ಆಡಳಿತದ ಅನುಭವದಿಂದ ಒಂದು ಮಾತು. ಕಾಯಿದೆ ಬದಲಾಗದೆಯೂ ನೀತಿ ಬದಲಾಗಬಲ್ಲದು. 1990ರ ದೇಶವಾರು ಮಿತಿ ಹಾಗೆಯೇ ಇರುವಾಗ, 2025ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷರ ಒಂದೇ ಘೋಷಣೆಯು ದೇಶದ ಹೊರಗಿರುವವರ ಪರವಾಗಿ ಸಲ್ಲಿಸುವ ಹೊಸ ಎಚ್-1ಬಿ ಅರ್ಜಿಗಳಿಗೆ 1,00,000 ಡಾಲರು ಶುಲ್ಕ ವಿಧಿಸಿತು. ಆದ್ದರಿಂದ ಮಕ್ಕಳನ್ನು ಕಳುಹಿಸುವ ತಂದೆ-ತಾಯಂದಿರು ಸಂಬಳದ ಲೆಕ್ಕದೊಡನೆ ಸರದಿಯ ಲೆಕ್ಕವನ್ನೂ, ಮೊಮ್ಮಕ್ಕಳ ವಯಸ್ಸಿನ ಲೆಕ್ಕವನ್ನೂ ಹಾಕಬೇಕು.

ತನ್ನ ಬಾಗಿಲು ಕಾಯುವ ಹಕ್ಕು ಪ್ರತಿಯೊಂದು ರಾಷ್ಟ್ರಕ್ಕೂ ಇದೆ. 2025ರಲ್ಲಿ ನಮ್ಮ ಸಂಸತ್ತೂ ವಲಸೆ ಮತ್ತು ವಿದೇಶೀಯರ ಕುರಿತು ಹೊಸ ಕಾಯಿದೆ ಮಾಡಿತು. ಆದರೆ ಬಾಗಿಲೊಳಗೆ ಕರೆದು ದುಡಿಸಿಕೊಂಡವರ ಮಕ್ಕಳನ್ನು ಬೆಳೆದ ಮೇಲೆ ಹೊರಗಟ್ಟುವುದು ನ್ಯಾಯವಲ್ಲ. ಹಾಗೆನ್ನುವ ನಾವು ನಮ್ಮನ್ನೂ ಕೇಳಿಕೊಳ್ಳೋಣ. 1960ರ ದಶಕದಲ್ಲಿ ಇದೇ ಮುಂಬಯಿಯಲ್ಲಿ ದಕ್ಷಿಣದವರೆಲ್ಲ 'ಹೊರಗಿನವರು' ಎನಿಸಿದ್ದನ್ನು ಹಿರಿಯರು ಮರೆತಿಲ್ಲ. ಇಂದು ನಮ್ಮ ಬೀದಿಗೆ ಬಂದ ಹೊಸಬರನ್ನು ನಾವು ಯಾವ ಹೆಸರಿನಿಂದ ಕರೆಯುತ್ತಿದ್ದೇವೆ?