ಪ್ರಧಾನ ಕಚೇರಿಯ ಅಮೃತಶಿಲೆ ಯಾರ ಹಣದ್ದು?



ಮುಂಬಯಿ, ಪುಣೆಯಂಥ ನಗರಗಳಲ್ಲಿ ಶಿಕ್ಷಣ ಸಂಸ್ಥೆಗಳ ಪ್ರಧಾನ ಕಚೇರಿಗಳು ‘ಕಾರ್ಪೊರೇಟ್ ಆಫೀಸ್’ ಆಗಿವೆ. ಹೆಸರಿನೊಡನೆ ಇಟಲಿಯ ಅಮೃತಶಿಲೆ, ತೇಗದ ಹೊದಿಕೆಯ ಗೋಡೆ, ಅಧ್ಯಕ್ಷರ ಕೊಠಡಿಗೆ ಚರ್ಮದ ಸೋಫಾಗಳೂ ಬಂದಿವೆ. ಅಲ್ಲಿಗೆ ವಿದ್ಯಾರ್ಥಿ ಕಾಲಿಡುವುದೇ ಅಪರೂಪ.

ಲೆಕ್ಕಪತ್ರದಲ್ಲಿ ಇದಕ್ಕೆ ಅಡ್ಡಿಯಿಲ್ಲವೆಂಬುದೇ ಯೋಚಿಸಬೇಕಾದ ಸಂಗತಿ. ಆದಾಯ ತೆರಿಗೆ ಕಾನೂನಿನಂತೆ ದತ್ತಿ ಸಂಸ್ಥೆ ವರ್ಷದ ಆದಾಯದಲ್ಲಿ ಕನಿಷ್ಠ ಶೇ. 85ರಷ್ಟನ್ನು ತನ್ನ ಉದ್ದೇಶಕ್ಕೆ ವಿನಿಯೋಗಿಸಬೇಕು. ಬಂಡವಾಳ ವೆಚ್ಚವೂ ವಿನಿಯೋಗವೇ. ಆದ್ದರಿಂದ ಪ್ರಯೋಗಾಲಯದ ಮೇಜೂ ಅಧ್ಯಕ್ಷರ ಮೇಜೂ ‘ಪೀಠೋಪಕರಣ’ವೆಂಬ ಒಂದೇ ಶೀರ್ಷಿಕೆಯಡಿ ಸೇರುತ್ತವೆ, ಮಾರ್ಚ್ ಹತ್ತಿರವಾದಾಗ ಶೇ. 85 ಮುಟ್ಟದಿದ್ದರೆ ಒಳಾಂಗಣ ವಿನ್ಯಾಸಕಾರರ ಬಿಲ್ಲು ಆ ಕೊರತೆಯನ್ನು ಸುಲಭವಾಗಿ ತುಂಬುತ್ತದೆ.

ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 2002ರಲ್ಲಿ ಸರ್ವೋಚ್ಚ ನ್ಯಾಯಾಲಯದ 11 ನ್ಯಾಯಮೂರ್ತಿಗಳ ಪೀಠವು ಲಾಭಕೋರತನ ಸಲ್ಲದು, ಸಂಸ್ಥೆಯ ಬೆಳವಣಿಗೆಗೆ ನ್ಯಾಯಯುತ ಮಿಗತೆ ಇರಬಹುದು ಎಂದಿತು. ಆ ಮಿಗತೆ ಬಹುಪಾಲು ಶುಲ್ಕದ್ದು. ಎಷ್ಟೋ ಪೋಷಕರು ಸಾಲ ಮಾಡಿ ಕಟ್ಟಿದ್ದು. ತೂಗುದೀಪವನ್ನು ಬೆಳವಣಿಗೆಯೆಂದು ಅವರಿಗೆ ವಿವರಿಸುವುದು ಕಷ್ಟ.

ಒಳ್ಳೆಯ ಬೆಳಕು, ಬೆನ್ನಿಗೆ ಹಿತವಾದ ಕುರ್ಚಿ ಸಿಬ್ಬಂದಿಗೆ ಬೇಕು. ಅಲ್ಲಿ ಜಿಪುಣತನ ತರವಲ್ಲ. ಆದರೆ ಗೊತ್ತುವಳಿ ಅಂಗೀಕರಿಸುವ ಮುನ್ನ ವಿಶ್ವಸ್ತ ಮಂಡಳಿ ಒಂದು ಟಿಪ್ಪಣಿ ಕೇಳಲಿ: ಚದರಡಿಗೆ ಎಷ್ಟು, ಮೂರು ದರಪಟ್ಟಿ ಬಂದಿವೆಯೇ, ಗುತ್ತಿಗೆದಾರ ಯಾರಾದರೂ ವಿಶ್ವಸ್ತರ ಬಂಧುವೇ. ಕೊನೆಯ ಪ್ರಶ್ನೆ ಸಂಕೋಚದ್ದು ನಿಜ, ಆದರೆ ಆದಾಯ ತೆರಿಗೆ ಕಾನೂನೂ ಅದನ್ನೇ ಕೇಳುತ್ತದೆ. ಬಂಧುಗಳಿಗೆ ಅನುಚಿತ ಲಾಭ ಸಂದರೆ ವಿನಾಯಿತಿ ಕೈತಪ್ಪಬಹುದು. ಅದೇ ವರ್ಷ ಯಾವ ಶಾಲೆಯ ಶೌಚಾಲಯದ ದುರಸ್ತಿ ಮುಂದಕ್ಕೆ ಹೋಯಿತು ಎಂಬುದನ್ನೂ ಆ ಟಿಪ್ಪಣಿಯಲ್ಲಿ ಬರೆಯಲಿ.