ಆಕರಸೂಚಿಯಲ್ಲಿ ನಮ್ಮ ಹೆಸರು

(ಸಂಘದ ವತಿಯಿಂದ ಮೈಸೂರಿನಲ್ಲಿ ಸ್ನಾತಕೋತ್ತರ ಹಾಗೂ ಸಂಶೋಧನಾ ವಿದ್ಯಾರ್ಥಿಗಳಿಗಾಗಿ ನಡೆದ ಶಿಬಿರದಲ್ಲಿ ನಿವೃತ್ತ ಗ್ರಂಥಪಾಲಕರೊಬ್ಬರು ಮಾಡಿದ ಭಾಷಣ)



ಕಾರ್ಯದರ್ಶಿಗಳು ನನಗೆ ಕೊಟ್ಟಿರುವ ವಿಷಯ 'ಸಂಶೋಧನಾ ಲೇಖನದಲ್ಲಿ ಉಲ್ಲೇಖ ಮತ್ತು ಆಕರಸೂಚಿ'. ಕೇಳುವುದಕ್ಕೆ ಒಣ ವಿಷಯ. ಊಟಕ್ಕೆ ಮುಂಚೆ ಇಟ್ಟುಕೊಂಡದ್ದು ಒಳ್ಳೆಯದಾಯಿತು. ಊಟದ ಮೇಲಾಗಿದ್ದರೆ ನಿಮ್ಮಲ್ಲಿ ಅರ್ಧ ಜನ ನಿದ್ದೆ ಹೋಗುತ್ತಿದ್ದಿರಿ.

ನಾನು ತಿಂದ ಒಂದು ಪೆಟ್ಟಿನಿಂದಲೇ ಆರಂಭಿಸುತ್ತೇನೆ. ಎಂಬತ್ತರ ದಶಕದಲ್ಲಿ ಶ್ರೀರಂಗಪಟ್ಟಣದ ಶಾಸನಗಳ ಬಗ್ಗೆ ಒಂದು ಲೇಖನ ಬರೆದು ಪತ್ರಿಕೆಯೊಂದಕ್ಕೆ ಕಳಿಸಿದ್ದೆ. 'ಎಪಿಗ್ರಾಫಿಯ ಕರ್ನಾಟಿಕ, ಸಂಪುಟ 3' ಎಂದು ಆಕರ ಕೊಟ್ಟಿದ್ದೆ. ಮೂರು ತಿಂಗಳಾದ ಮೇಲೆ ಲೇಖನ ವಾಪಸ್ಸು ಬಂತು. ಅಂಚಿನಲ್ಲಿ ಒಂದೇ ಸಾಲು: ತಾವು ಹೇಳಿದ ಸಂಪುಟದಲ್ಲಿ ಶ್ರೀರಂಗಪಟ್ಟಣವೇ ಇಲ್ಲ. ನನಗೆ ಸಿಟ್ಟು ಬಂತು. ಶಾಸನವನ್ನು ಪುಸ್ತಕದಲ್ಲಿ ಕಣ್ಣಾರೆ ಓದಿದ್ದೆನಲ್ಲ!

ಆಮೇಲೆ ತಿಳಿಯಿತು, ಇಬ್ಬರೂ ಸರಿಯೇ. ಬಿ.ಎಲ್. ರೈಸ್ ಅವರು 1894ರಲ್ಲಿ ಹೊರತಂದ ಮೂರನೆಯ ಸಂಪುಟದಲ್ಲಿ ಶ್ರೀರಂಗಪಟ್ಟಣ ತಾಲ್ಲೂಕು ಇದೆ. ಆದರೆ ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕೃತ ಸಂಪುಟಗಳನ್ನು ಪ್ರಕಟಿಸತೊಡಗಿತು. ಅದರ ಮೂರನೆಯ ಸಂಪುಟದಲ್ಲಿರುವುದು ಗುಂಡ್ಲುಪೇಟೆ, ನಂಜನಗೂಡು, ಹೆಗ್ಗಡದೇವನಕೋಟೆ. ಶ್ರೀರಂಗಪಟ್ಟಣ ಆರನೆಯ ಸಂಪುಟಕ್ಕೆ ಹೋಗಿದೆ. ನಾನು ಆವೃತ್ತಿಯ ವರ್ಷ ಬರೆದಿರಲಿಲ್ಲ. ನಾಲ್ಕು ಅಂಕಿ ಬಿಟ್ಟದ್ದಕ್ಕೆ ಪರಿಶೀಲಕರು ನಂಜನಗೂಡಿನ ಶಾಸನಗಳಲ್ಲಿ ನನ್ನ ಶ್ರೀರಂಗಪಟ್ಟಣವನ್ನು ಹುಡುಕಿದ್ದರು.

ಆಕರವೆಂದರೆ ವಿಳಾಸ. ನೀವು ಹೋಗಿಬಂದ ಮನೆಗೆ ಓದುಗನೂ ಹೋಗಿ ಬಾಗಿಲು ತಟ್ಟುವಂತಿರಬೇಕು. ನಮ್ಮಲ್ಲಿ ಇದೇನೂ ಹೊಸ ಮಾತಲ್ಲ. ಹದೀಸ್ ವಿದ್ವಾಂಸರು ಒಂದು ಮಾತನ್ನು ಒಪ್ಪುವ ಮೊದಲು ಯಾರಿಂದ ಯಾರು ಕೇಳಿದರು ಎಂಬ ಇಸ್ನಾದಿನ ಸರಪಳಿಯನ್ನು ಒಂದೊಂದು ಕೊಂಡಿಯಾಗಿ ಪರೀಕ್ಷಿಸುತ್ತಿದ್ದರು. ಅಂಥ ಪರಂಪರೆಯವರು ನಾವು, ಪ್ರಬಂಧದಲ್ಲಿ 'ಇತಿಹಾಸಕಾರರು ಹೇಳುತ್ತಾರೆ' ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ.

ಟಿಪ್ಪು ಸುಲ್ತಾನರ ಕುರಿತು ಬರೆಯುವವರಲ್ಲಿ ಈ ತಪ್ಪು ಹೆಚ್ಚು. ಕಿರ್ಮಾನಿಯ 'ನಿಶಾನ್-ಎ-ಹೈದರಿ' ಎಂದು ಧೈರ್ಯವಾಗಿ ಆಕರ ಕೊಡುತ್ತಾರೆ. ಅದು ಪಾರಸಿ ಗ್ರಂಥ. ಬರೆದವರಿಗೆ ಪಾರಸಿ ಬರುವುದಿಲ್ಲ. ಅವರು ನೋಡಿರುವುದು ಕರ್ನಲ್ ಮೈಲ್ಸ್ 1842 ಮತ್ತು 1844ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದವನ್ನು. ಅದನ್ನೂ ನೋಡದೆ, ಬೇರೊಬ್ಬರ ಅಡಿಟಿಪ್ಪಣಿಯಿಂದ ಎತ್ತಿಕೊಂಡವರೂ ಇದ್ದಾರೆ. ಅನುವಾದ ಓದಿದ್ದರೆ ಅನುವಾದಕರ ಹೆಸರು ಹಾಕಿ. ಇನ್ನೊಬ್ಬರ ಪುಸ್ತಕದಲ್ಲಿ ಕಂಡಿದ್ದರೆ 'ಇಂಥವರ ಗ್ರಂಥದಲ್ಲಿ ಉದ್ಧೃತ' ಎಂದು ಬರೆಯಿರಿ. ಅದರಿಂದ ಮರ್ಯಾದೆ ಕಡಿಮೆಯಾಗುವುದಿಲ್ಲ.

ಇನ್ನು ಹೆಸರಿನ ವಿಚಾರ. ಇದನ್ನು ಹೇಳುವುದಕ್ಕೇ ನಾನು ಬಂದದ್ದು.

ಅಂತರರಾಷ್ಟ್ರೀಯ ಪತ್ರಿಕೆಗಳ ಪದ್ಧತಿ ಪ್ರತಿಯೊಬ್ಬರಿಗೂ ಒಂದು ಕುಲನಾಮ ಇದೆಯೆಂದು ನಂಬಿಕೊಂಡಿದೆ. ಕೊನೆಯ ಪದವನ್ನು ಮುಂದಕ್ಕೆ ತಂದು, ಉಳಿದದ್ದನ್ನು ಒಂದಕ್ಷರಕ್ಕೆ ಇಳಿಸುತ್ತದೆ. ನಮ್ಮ ಕಡೆಯ ಹೆಸರುಗಳು ಹಾಗಿಲ್ಲ. ನಮ್ಮ ಊರಿನ ಹಿರಿಯ ಇತಿಹಾಸಕಾರರು, ಮಂಗಳೂರು ಮತ್ತು ಗೋವಾ ವಿಶ್ವವಿದ್ಯಾನಿಲಯಗಳ ಮೊದಲ ಕುಲಪತಿಗಳಾಗಿದ್ದ ಬಿ. ಶೇಕ್ ಅಲಿ ಅವರ ಪುಸ್ತಕಗಳನ್ನು ಒಬ್ಬರು 'ಶೇಕ್ ಅಲಿ, ಬಿ.' ಎಂದೂ, ಇನ್ನೊಬ್ಬರು 'ಅಲಿ, ಬಿ.ಎಸ್.' ಎಂದೂ ಪಟ್ಟಿಮಾಡುತ್ತಾರೆ. ಒಬ್ಬ ವಿದ್ವಾಂಸರು ಇಬ್ಬರಾದರು. ಟಿಪ್ಪು ಚರಿತ್ರೆ ಬರೆದ ಮೊಹಿಬ್ಬುಲ್ ಹಸನ್ ಅವರು 1951ರ ಮೊದಲ ಮುದ್ರಣದಲ್ಲಿ ಮೊಹಿಬ್ಬುಲ್ ಹಸನ್ ಖಾನ್. ನೀವು ಯಾವ ಮುದ್ರಣ ಓದಿದಿರೋ ಅದರಲ್ಲಿರುವ ಹೆಸರನ್ನೇ ಹಾಕಬೇಕು. ಇದು ನಮ್ಮವರ ಕಷ್ಟ ಮಾತ್ರ ಅಲ್ಲ. ಇಲ್ಲಿನ ಓರಿಯಂಟಲ್ ಲೈಬ್ರರಿಯಲ್ಲಿದ್ದು 1909ರಲ್ಲಿ ಅರ್ಥಶಾಸ್ತ್ರವನ್ನು ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟ ಆರ್. ಶಾಮಾಶಾಸ್ತ್ರಿಗಳ ಹೆಸರನ್ನೂ ಇಂಗ್ಲಿಷಿನಲ್ಲಿ ಬಗೆಬಗೆಯಾಗಿ ಬರೆದು, ಎರಡು ತುಂಡು ಮಾಡಿ, 'ಶಾಸ್ತ್ರಿ'ಗಳ ಗುಂಪಿಗೆ ಸೇರಿಸಿದವರಿದ್ದಾರೆ.

ಹೆಚ್ಚು ನಷ್ಟ ನಮ್ಮ ಹೆಣ್ಣುಮಕ್ಕಳಿಗೆ. ಸಲ್ಮಾ ಬಾನು ಎಂದು ಇಟ್ಟುಕೊಳ್ಳಿ. ಪಟ್ಟಿಯಲ್ಲಿ ಆಕೆ 'ಬಾನು, ಎಸ್.' ಆಗುತ್ತಾಳೆ. ಸಬೀಹಾ ಬಾನು, ಶಾಹೀನಾ ಬಾನು, ಸುರಯ್ಯಾ ಬಾನು ಎಲ್ಲರೂ 'ಬಾನು, ಎಸ್.' ಬೇಗಂ, ಖಾನಂ, ತಾಜ್ ಎಂಬವರದೂ ಇದೇ ಕಥೆ. ಮನೆಯಲ್ಲಿ ಮೊದಲ ಬಾರಿಗೆ ಎಂ.ಎ. ಓದಿ, ಐದು ವರ್ಷ ಕಷ್ಟಪಟ್ಟು ಬರೆದ ಲೇಖನ ಯಾರದೆಂದು ಗೊತ್ತಾಗದೆ ಹೋಗುತ್ತದೆ. ಅದರ ಮೇಲೆ ಅಂಕಪಟ್ಟಿಯಲ್ಲಿ ತಂದೆಯ ಇನಿಷಿಯಲ್, ಆಧಾರ್‌ನಲ್ಲಿ ಇನ್ನೊಂದು ರೂಪ, ಮದುವೆಯಾದ ಮೇಲೆ ಮತ್ತೊಂದು. ಸಂದರ್ಶನದಲ್ಲಿ 'ಈ ಲೇಖನ ನಿಮ್ಮದೇ ಏನಮ್ಮ?' ಎಂದು ಕೇಳಿದಾಗ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತ ಹುಡುಗಿಯೊಬ್ಬಳನ್ನು ನಾನು ಬಲ್ಲೆ.

ಆದ್ದರಿಂದ ಮೊದಲ ಲೇಖನ ಕಳಿಸುವ ಮುಂಚೆಯೇ ಹೆಸರಿನ ಒಂದು ರೂಪ, ಒಂದು ಸ್ಪೆಲ್ಲಿಂಗ್ ನಿರ್ಧರಿಸಿ, ಕೊನೆಯತನಕ ಬದಲಾಯಿಸಬೇಡಿ. 2012ರಿಂದ ಆರ್ಕಿಡ್ ಎಂಬ ವ್ಯವಸ್ಥೆ ಇದೆ. ಸಂಶೋಧಕರಿಗೆ 16 ಅಂಕಿಗಳ ಸಂಖ್ಯೆಯನ್ನು ಉಚಿತವಾಗಿ ಕೊಡುತ್ತದೆ. ಹೆಸರು ಹೇಗೆ ತಿರುಚಿಕೊಂಡರೂ ಸಂಖ್ಯೆ ನಿಮ್ಮದೇ. ಇವತ್ತು ರಾತ್ರಿಯೇ ಮಾಡಿಕೊಳ್ಳಿ.

ಎ.ಪಿ.ಎ., ಎಂ.ಎಲ್.ಎ., ಶಿಕಾಗೊ, ವ್ಯಾಂಕೂವರ್ ಇವುಗಳಲ್ಲಿ ಯಾವುದು ಒಳ್ಳೆಯದೆಂದು ಕೇಳುತ್ತೀರಿ. ನೀವು ಕಳಿಸುವ ಪತ್ರಿಕೆ ಯಾವುದನ್ನು ಕೇಳುತ್ತದೆಯೋ ಅದು. ಅಲ್ಪವಿರಾಮ ಎಲ್ಲಿ, ವರ್ಷ ಎಲ್ಲಿ ಎಂಬುದನ್ನು ಬಾಯಿಪಾಠ ಮಾಡಬೇಕಿಲ್ಲ. ಝೊಟೆರೊ ಎಂಬ ಉಚಿತ ತಂತ್ರಾಂಶ 2006ರಿಂದ ಇದೆ, ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಕ್ಷಣದಲ್ಲಿ ಬದಲಾಯಿಸುತ್ತದೆ. ಆದರೆ ಯಾವುದು ಹೆಸರು, ಯಾವುದು ಇನಿಷಿಯಲ್ ಎಂದು ಅದಕ್ಕೆ ನೀವೇ ಹೇಳಿಕೊಡಬೇಕು. ಈಗ ಕೃತಕ ಬುದ್ಧಿಮತ್ತೆಯನ್ನು ಕೇಳಿ ಆಕರಸೂಚಿ ಮಾಡಿಸುವವರೂ ಬಂದಿದ್ದಾರೆ. ಲೇಖಕರಿದ್ದಾರೆ, ವರ್ಷವಿದೆ, ಪುಟವಿದೆ, ಹುಡುಕಿದರೆ ಅಂಥ ಲೇಖನವೇ ಇರುವುದಿಲ್ಲ. ಕೈಯಲ್ಲಿ ಹಿಡಿದು ನೋಡದ ಪುಸ್ತಕವನ್ನು ಪಟ್ಟಿಗೆ ಸೇರಿಸಬೇಡಿ.

ಯು.ಜಿ.ಸಿ.ಯ 2018ರ ಕೃತಿಚೌರ್ಯ ನಿಯಮಗಳು ನಿಮಗೆ ಗೊತ್ತಿರಬೇಕು. ಪ್ರಬಂಧದಲ್ಲಿ ಶೇಕಡ 10ರವರೆಗಿನ ಹೋಲಿಕೆಗೆ ದಂಡವಿಲ್ಲ. 40ರವರೆಗೆ ಹೋದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 60ರವರೆಗೆ ಹೋದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಆಕರ ಹೇಳಿ ಎತ್ತಿಕೊಂಡ ಉದ್ಧರಣೆಯನ್ನೂ ಆಕರಸೂಚಿಯನ್ನೂ ಈ ಲೆಕ್ಕದಿಂದ ಹೊರಗಿಡುತ್ತಾರೆ. ಕದಿಯದೆಯೂ ಕಳ್ಳರೆನಿಸಿಕೊಂಡ ಕೆಲವರು ಬರೀ ಸೋಮಾರಿಗಳಾಗಿದ್ದರು, ಅಷ್ಟೆ.

ನನ್ನ ಆ ಲೇಖನ ಏನಾಯಿತೆಂದು ಹೇಳಲಿಲ್ಲ. ವರ್ಷ ಸೇರಿಸಿ, ಎರಡೂ ಆವೃತ್ತಿಗಳ ಸಂಖ್ಯೆ ಕೊಟ್ಟು ಮತ್ತೆ ಕಳಿಸಿದೆ, ಪ್ರಕಟವಾಯಿತು. ಅದರಲ್ಲಿ ನನ್ನ ಹೆಸರು ತಪ್ಪಾಗಿ ಅಚ್ಚಾಗಿತ್ತು. ಈಗ ಊಟಕ್ಕೆ ಏಳಿ. ಮಧ್ಯಾಹ್ನ ನಿಮ್ಮ ನಿಮ್ಮ ಪಟ್ಟಿಗಳನ್ನು ತನ್ನಿ, ಕೂತು ಒಂದೊಂದಾಗಿ ನೋಡೋಣ.